ಇಪ್ಪತ್ತು ಲ್ಯಾಪ್‌ಟಾಪು, ಒಬ್ಬ ಮಾಸ್ತರ

ಕೆಲವರು ಮುಟ್ಟಿದ್ದೆಲ್ಲ ಚಿನ್ನವಾಗುತ್ತದಂತೆ. ನಾನು ಮುಟ್ಟಿದ್ದೆಲ್ಲ ಕಥೆಯಾಗುತ್ತದೆ. ಬೀದರಿನಿಂದ ನಾಶಿಕಕ್ಕೆ ಬಂದು ಸಾತಪುರದ ಮರಾಠಿ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿದ ಅಷ್ಟೂ ವರ್ಷ ಇದೇ ಹಣೆಬರಹ. ನಾನು ಸುಳ್ಳು ಹೇಳುವವನಲ್ಲ. ನಿಜವನ್ನೇ ಸ್ವಲ್ಪ ಹಿಗ್ಗಿಸಿ ಹೇಳುತ್ತೇನೆ. ನನ್ನ ಹೆಂಡತಿ ಅದನ್ನು ಮತ್ತೆ ಕುಗ್ಗಿಸಿ ಹೇಳುತ್ತಾಳೆ. ನಮ್ಮ ಶಾಲೆಗೆ ಲ್ಯಾಪ್‌ಟಾಪ್ ಬಂದ ವರ್ಷ ಮಾತ್ರ ಹಿಗ್ಗಿಸುವ ಕಷ್ಟವೇ ನನಗೆ ಬರಲಿಲ್ಲ.

೧. ದೊಡ್ಡ ಬಾಯಿ

ಒಂದು ಕಾರ್ಖಾನೆಯವರು ನಮ್ಮ ಒಂಬತ್ತನೆಯ ತರಗತಿಯ ಇಪ್ಪತ್ತು ಮಕ್ಕಳಿಗೆ ಇಪ್ಪತ್ತು ಲ್ಯಾಪ್‌ಟಾಪ್ ಕೊಟ್ಟರು. ಷರತ್ತು ಒಂದೇ. ವರ್ಷದ ಕೊನೆಗೆ ಔರಂಗಾಬಾದಿನಿಂದ, ಈಗ ಛತ್ರಪತಿ ಸಂಭಾಜಿನಗರ ಅನ್ನುತ್ತಾರಲ್ಲ, ಅಲ್ಲಿಂದ ಅವರ ಸಾಹೇಬರೊಬ್ಬರು ಬಂದು ನೋಡುತ್ತಾರೆ. ಚೆನ್ನಾಗಿಟ್ಟುಕೊಂಡು ಕಲಿತಿದ್ದರೆ ಲ್ಯಾಪ್‌ಟಾಪು ಮಕ್ಕಳಿಗೇ. ಕೆಡಿಸಿದ್ದರೆ ಇಪ್ಪತ್ತೂ ವಾಪಸ್. ಮಕ್ಕಳೆಲ್ಲ ಶಿಫ್ಟ್ ಕೆಲಸಕ್ಕೆ ಹೋಗುವವರ ಮನೆಯವು. ಮನೆಗೊಂದು ಕಂಪ್ಯೂಟರ್ ಬರುತ್ತದೆ ಅಂತ ಕನಸಿನಲ್ಲೂ ಎಣಿಸಿದ್ದಿಲ್ಲ.

"ಯಾರು ವಹಿಸ್ಕೋತೀರಿ?" ಎಂದು ಮುಖ್ಯೋಪಾಧ್ಯಾಯಿನಿ ಕೇಳಿದರು. ಮರಾಠಿ ಶಾಲೆಯಲ್ಲಿ ಮೇಡಂ ಅಂದರೆ 'ಬಾಯಿ', ಮುಖ್ಯ ಮೇಡಂ ಅಂದರೆ 'ದೊಡ್ಡ ಬಾಯಿ'. ಹೀಗಾಗಿ ಆ ಶಾಲೆಯಲ್ಲಿ ಇಬ್ಬರಿಗೆ ದೊಡ್ಡ ಬಾಯಿ: ಅವರಿಗೆ ಹುದ್ದೆಯಿಂದ, ನನಗೆ ಹುಟ್ಟಿನಿಂದ.

"ನಾನಿದ್ದೀನಲ್ಲ! ಕಂಪ್ಯೂಟರ್ ಹುಟ್ಟಿದಾಗ ತೊಟ್ಟಿಲು ತೂಗಿದವನೇ ನಾನು," ಅಂದುಬಿಟ್ಟೆ.

ಮೊದಲ ದಿನ ಕಾಲು ತಾಸು ಭಾಷಣ ಮಾಡಿ, ಲ್ಯಾಪ್‌ಟಾಪ್ ಎತ್ತಿಕೊಂಡು ತೆರೆಯಲು ಹೋದೆ. ತೆರೆಯದು. ಉಗುರು ಹಾಕಿದೆ, ಉಸಿರು ಹಿಡಿದೆ, ಮನೆದೇವರನ್ನು ನೆನೆದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ ಎದ್ದು ಬಂದು ಅದನ್ನು ತಿರುಗಿಸಿ ಇಟ್ಟಳು.

"ಸರ್, ಕೀಲು ಇರೋ ಕಡೆಯಿಂದ ತೆಗೀತಿದ್ರಿ."

"ಶಾಬಾಸ್! ಯಾರು ಲಕ್ಷ್ಯ ಕೊಟ್ಟು ನೋಡ್ತೀರಿ ಅಂತ ಪರೀಕ್ಷೆ ಮಾಡ್ತಿದ್ದೆ."

ಅವಳು ನಗಲಿಲ್ಲ. "ಚಾಲೂ ಮಾಡೋ ಬಟನ್ನೂ ಪರೀಕ್ಷೆಯಲ್ಲಿ ಬರ್ತದಾ ಸರ್, ಇಲ್ಲಾ ಅದನ್ನ ನಾನೇ ಒತ್ತಿಬಿಡ್ಲಾ?"

೨. ಹೊಸ ಪಾಟಿ

ಪಾಲಕರ ಸಭೆಯಲ್ಲಿ ನನ್ನ ಭಾಷಣಕ್ಕೆ ಚಪ್ಪಾಳೆಯೋ ಚಪ್ಪಾಳೆ. ಸಾತಪುರದ ಕಾರ್ಖಾನೆಗಳು ಐದು ನಿಮಿಷ ಯಂತ್ರ ನಿಲ್ಲಿಸಿ ಕೇಳಿದವು ಅಂತ ನಾನು ಹೇಳುತ್ತೇನೆ. ಆವತ್ತು ಭಾನುವಾರ ಇತ್ತು ಅಂತ ನನ್ನ ಹೆಂಡತಿ ಹೇಳುತ್ತಾಳೆ. ಇರಲಿ. ಭಾಷಣದ ಸಾರ ಇಷ್ಟು: "ಇದು ಹೊಸ ಕಾಲದ ಪಾಟಿ, ಬರೆಯೋ ಸ್ಲೇಟು. ಪಾಟಿಗೆ ಏನು ಮರ್ಯಾದೆ ಕೊಡ್ತೀರೋ ಅದನ್ನೇ ಇದಕ್ಕೂ ಕೊಡಿ."

ಕೊಟ್ಟರು. ದಸರಾ ಬಂತು. ಇಲ್ಲಿ ದಸರಾಕ್ಕೆ ಮಕ್ಕಳು ಪಾಟಿಯ ಮೇಲೆ ಒಂದು, ಒಂದು, ಒಂದು ಅಂತ ಅಂಕಿ ಜೋಡಿಸಿ ಸರಸ್ವತಿಯ ಚಿತ್ರ ಬರೆದು ಪೂಜೆ ಮಾಡುತ್ತಾರೆ. ರಜೆ ಮುಗಿದು ಲ್ಯಾಪ್‌ಟಾಪು ತೆರೆಸಿದರೆ ಹನ್ನೊಂದು ಪರದೆಗಳ ಮೇಲೆ ಸುಣ್ಣದ ಕಡ್ಡಿಯ ಸರಸ್ವತಿ! ಕೀಲಿಗಳ ಸಂದಿಯಲ್ಲಿ ಅರಿಶಿನ, ಕುಂಕುಮ, ಅಕ್ಷತೆ. ಒಂದಕ್ಕಂತೂ ಚೆಂಡುಹೂವಿನ ಮಾಲೆ.

ಮಗನನ್ನು ಬಿಡಲು ಬಂದಿದ್ದ ತಾಯಿಯೊಬ್ಬರು ಕೊಡದಲ್ಲಿ ಅದ್ದಿದ ಬಟ್ಟೆ ಹಿಡಿದು, "ಒರೆಸಿ ಕೊಡ್ಲಾ ಸರ್?" ಅಂತ ಮುಂದೆ ಬಂದರು.

"ಹಳೂ! ಹಳೂ!" ಎಂದು ಕೂಗಿದೆ. ಮರಾಠಿಯಲ್ಲಿ 'ಹಳೂ' ಅಂದರೆ ಮೆಲ್ಲಗೆ, ನಿಧಾನ. ಆವತ್ತಿನಿಂದ ಅದೇ ನಮ್ಮ ವರ್ಗದ ಮಂತ್ರವಾಯಿತು. ತೆರೆಯುವುದು ಹಳೂ, ಮುಚ್ಚುವುದು ಹಳೂ, ಒತ್ತುವುದು ಹಳೂ. ದಿನಾ ಪ್ರಾರ್ಥನೆ ಮುಗಿದ ಮೇಲೆ ಇಪ್ಪತ್ತೂ ಮಕ್ಕಳು "ಹಳೂ ಹಳೂ!" ಅಂತ ಒಂದೇ ದನಿಯಲ್ಲಿ ಹೇಳಬೇಕು.

ಬಣ್ಣದ ಕುಂಚ ಹಿಡಿದು ನಾಲ್ಕು ದಿನ ಕುಂಕುಮ ತೆಗೆದೆ. ಆದರೂ ಒಂದು ಲ್ಯಾಪ್‌ಟಾಪಿನ ಒಂದು ಕೀಲಿ ಕೆಂಪಗೇ ಉಳಿಯಿತು. ಒತ್ತಿದ ಬೆರಳನ್ನು ಹಾಗೇ ಹಣೆಗಿಟ್ಟುಕೊಳ್ಳಬಹುದಿತ್ತು.

ಆ ತಾಯಿಗೆ ಮಾತ್ರ ಅಸಮಾಧಾನ. "ಪಾಟಿ ಅಂದವರು ನೀವೇ ಸರ್. ಪುಣ್ಯ ಅನ್ನಿ, ನನ್ನ ಮಗ ಪಾಟಿನ ಉಗುಳು ಹಚ್ಚಿ ಒರೆಸ್ತಾನೆ. ಇದಕ್ಕೆ ಬೇಡ ಅಂತ ನಾನೇ ತಡೆದೆ."

೩. ಕುಂಟ ಅಜ್ಜ

ಭಾಷೆ ಕಲಿಸುವ ಬಾಯಿ ರಜೆಯ ಮೇಲಿದ್ದಾಗ ಅವರ ತಾಸೂ ನನ್ನ ಕೊರಳಿಗೆ ಬಿತ್ತು. "ನನ್ನ ಅಜ್ಜ ಅಂತ ಪ್ರಬಂಧ ಟೈಪ್ ಮಾಡಿ ತನ್ನಿ," ಅಂದೆ.

ಮೊದಲನೆಯದು ಓದಿದೆ. ಅಜ್ಜನಿಗೆ ನಾಯಿ ಕಚ್ಚಿ ಎಡಗಾಲು ಕುಂಟು, ಆದರೂ ದಿನಾ ಹೊಲಕ್ಕೆ ಹೋಗುತ್ತಾನೆ. ನನ್ನ ಕಣ್ಣು ಒದ್ದೆಯಾಯಿತು. ಎರಡನೆಯದರಲ್ಲೂ ಎಡಗಾಲು. ಐದನೆಯದಕ್ಕೆ ಬರುವ ಹೊತ್ತಿಗೆ ಕಣ್ಣು ಒಣಗಿತ್ತು. ಹತ್ತೊಂಬತ್ತು ಅಜ್ಜಂದಿರಿಗೆ ಒಂದೇ ನಾಯಿ, ಒಂದೇ ಕಾಲು, ಒಂದೇ ಕಾಗುಣಿತದ ತಪ್ಪು. ಮುಂದಿನ ಬೆಂಚಿನ ಆ ಹುಡುಗಿಯ ಅಜ್ಜ ಒಬ್ಬನೇ ನೆಟ್ಟಗೆ ನಡೆಯುತ್ತಿದ್ದ.

ಬೈಯುವ ಮೊದಲು ಮೂಲ ಅಜ್ಜನನ್ನು ಹಿಡಿಯೋಣ ಅನ್ನಿಸಿತು. ಮೊದಲು ಬರೆದವನು ಇವನೇ ಅಂತ ಒಬ್ಬ ಹುಡುಗನನ್ನು ಎಲ್ಲರೂ ತೋರಿಸಿದರು. ಅವನ ಅಜ್ಜನನ್ನು ಕರೆಸಿದೆ. ಮುದುಕ ಮೆಟ್ಟಿಲನ್ನು ಎರಡೆರಡು ಹಾರಿಕೊಂಡು ಬಂದ!

"ಅಜ್ಜಾ, ನಿಮ್ಮ ಕಾಲು...?"

ಅಜ್ಜ ಎರಡೂ ಕಾಲು ನೋಡಿಕೊಂಡ. ಪ್ರಬಂಧ ಓದಿ ಹೇಳಿದೆ. ಅವನು ನಿಟ್ಟುಸಿರುಬಿಟ್ಟು ಮೊಮ್ಮಗನ ಕಡೆ ತಿರುಗಿದ. "ಅಜ್ಜನ್ನೂ ಬ್ಯಾರೆಯವರದು ನೋಡಿ ಬರೆದ್ಯೇನೋ?"

ಮರುದಿನದಿಂದ ಮಕ್ಕಳು ತಮ್ಮ ತಮ್ಮ ಅಜ್ಜಂದಿರನ್ನು ಕೂರಿಸಿಕೊಂಡು, ಕೇಳಿ ಕೇಳಿ ಟೈಪ್ ಮಾಡಿದರು. ಇಪ್ಪತ್ತು ಅಜ್ಜಂದಿರು ಇಪ್ಪತ್ತು ತರಹ ಬಂದರು. ನಾನು ಹತ್ತು ವರ್ಷ ಗಂಟಲು ಹರಿದುಕೊಂಡರೂ ಬಾರದ ಬರವಣಿಗೆ ಅದು. ಯಶಸ್ಸು ನನ್ನದೇ ಅಂತ ಎಲ್ಲ ಕಡೆ ಹೇಳಿಕೊಂಡು ಬಂದೆ.

೪. ಸಾಹೇಬರ ಕಾಗದ

ಕೊನೆಗೆ ಸಾಹೇಬರು ಬಂದರು. ಮಾತು ಕಡಿಮೆ, ಆಡಿದ್ದೆಲ್ಲ ಹಿಂದಿ. "ಮಕ್ಕಳನ್ನು ನಾನೊಬ್ಬನೇ ಕೇಳುತ್ತೇನೆ," ಅಂತ ನನ್ನನ್ನು ಹೊರಗೆ ಕಳಿಸಿದರು. ನಾನು ಕಿಟಕಿಗೆ ಕಿವಿ ಕೊಟ್ಟು ನಿಂತೆ.

"ಲ್ಯಾಪ್‌ಟಾಪ್ ಕೈಸಾ ಹೈ?"

ಇಪ್ಪತ್ತೂ ಮಕ್ಕಳು ಎದ್ದು ನಿಂತು, "ಹಳೂ ಹಳೂ!"

ನನ್ನ ಎದೆ ಹಿಗ್ಗಿ ಅಂಗಿಯ ಗುಂಡಿ ಹಾರಿತು. ಸಾಹೇಬರ ಮುಖ ಮಾತ್ರ ಬಾಡಿತು. ಯಾರು ಕಲಿಸಿದ್ದು ಅಂತ ಕೇಳಿದರು. "ನಮ್ಮ ಸರ್!" ಮುಂದಿನ ಬೆಂಚಿನ ಹುಡುಗಿ ನನ್ನ ಮರ್ಯಾದೆ ಉಳಿಸಲೆಂದೇ ತನ್ನ ಲ್ಯಾಪ್‌ಟಾಪನ್ನು, ಮಲಗಿದ ಕೂಸಿನ ಹೊದಿಕೆ ತೆಗೆದಂತೆ, ಅಷ್ಟು ಮೆಲ್ಲಗೆ ತೆರೆದಳು. ಸಾಹೇಬರು ಕೀಲನ್ನೇ ನೋಡಿ ತಲೆಯಾಡಿಸಿದರು. ಅಷ್ಟರಲ್ಲಿ ಆ ಕೆಂಪು ಕೀಲಿಯೂ ಅವರ ಕಣ್ಣಿಗೆ ಬಿತ್ತು. ಉಳಿದವನ್ನು ನೋಡಲೂ ಇಲ್ಲ. ಸರಸರ ಬರೆದುಕೊಂಡು ಎದ್ದರು.

ಆಫೀಸಿನಲ್ಲಿ ಚಹಾ ಕೊಡುವಾಗ ದೊಡ್ಡ ಬಾಯಿಯವರು ನನ್ನ ಬಗ್ಗೆ ಒಳ್ಳೆಯ ಮಾತು ಆಡಿದರು, ಮರಾಠಿಯಲ್ಲಿ: "ನಮ್ಮ ಸರ್ ಕೂಡ ಖೂಪ್ ಹಳೂ!" ಅಂದರೆ ಮಕ್ಕಳಿಗೆ ಬಹಳ ತಾಳ್ಮೆಯಿಂದ ಕಲಿಸುತ್ತಾರೆ ಅಂತ. ಸಾಹೇಬರು ನನ್ನನ್ನು ಕನಿಕರದಿಂದ ನೋಡಿ ಇನ್ನೊಂದು ಸಾಲು ಬರೆದರು. "ಮಾಫ್ ಕೀಜಿಯೆ, ಸಬ್ ವಾಪಸ್ ಲೇನಾ ಪಡೇಗಾ."

ಬಾಗಿಲಲ್ಲಿ ಇಣುಕುತ್ತಿದ್ದ ಮಕ್ಕಳ ಮುಖ ನೋಡಲಾಗಲಿಲ್ಲ. ತಲೆ ತಗ್ಗಿಸಿದೆ. ತಗ್ಗಿಸಿದ ಕಣ್ಣಿಗೆ ಮೇಜಿನ ಮೇಲಿನ ಕಾಗದ ಕಂಡಿತು. ಯಾರಿಗೂ ತಿಳಿಯದಿರಲಿ ಅಂತ ಸಾಹೇಬರು ಬರೆದದ್ದು ಕನ್ನಡದಲ್ಲಿ! ಒಂದರಿಂದ ಇಪ್ಪತ್ತರವರೆಗೆ ಸಾಲಾಗಿ: ಹಾಳು, ಹಾಳು, ಹಾಳು...

"ಸಾಹೇಬ್ರ! ಯಾವೂರ್ರಿ ನಿಮ್ದು?"

ಅವರು ಬೆಚ್ಚಿದರು. "ಕಲಬುರಗಿರಿ. ಔರಂಗಾಬಾದಿಗೆ ಬಂದು ಒಂದು ತಿಂಗಳಾಯ್ತು. ಮರಾಠಿ ಇನ್ನಾ ಪೂರಾ ತಿಳಿಯಲ್ಲ. ಆದರ ಇದೊಂದು ಶಬ್ದ ನಮ್ದೇ ಅದಲ್ರಿ, ಅದಕ್ಕ ತಿಳೀತು."

"ನಮ್ದಲ್ರಿ ಅದು! ಹಳೂ ಅಂದ್ರ ಇಲ್ಲಿ ಮೆಲ್ಲಕ ಅಂತರಿ. ಹಾಳು ಅಲ್ರಿ ಯಪ್ಪಾ!"

ಸಾಹೇಬರು ಮತ್ತೆ ವರ್ಗಕ್ಕೆ ಬಂದು ಇಪ್ಪತ್ತನ್ನೂ ಚಾಲೂ ಮಾಡಿಸಿದರು. ಇಪ್ಪತ್ತು ಅಜ್ಜಂದಿರ ಕಥೆಗಳನ್ನು ಮಕ್ಕಳಿಂದ ಓದಿಸಿ, ಹಿಂದಿಯಲ್ಲಿ ಅರ್ಥ ಹೇಳಿಸಿಕೊಂಡು ಒಂದು ತಾಸು ನಕ್ಕರು. ನಡುನಡುವೆ ನಾನೂ ನನ್ನ ಸಾಹಸಗಳನ್ನು ಹೇಳುತ್ತಲೇ ಇದ್ದೆ. ಆಮೇಲೆ ಪೆನ್ನು ತೆಗೆದು ಇಪ್ಪತ್ತು 'ಹಾಳು'ಗಳನ್ನೂ ಒಂದೊಂದಾಗಿ ಹೊಡೆದುಹಾಕಿದರು. ಲ್ಯಾಪ್‌ಟಾಪು ಮಕ್ಕಳಿಗೇ ಆಯಿತು. ಶಾಲೆಯ ಹೆಂಚು ಹಾರುವಷ್ಟು ಕೂಗಾಟ.

ಸಾಹೇಬರು ಜೀಪು ಹತ್ತುವಾಗ ನಾನು ಅವರ ಕೈಯಲ್ಲಿದ್ದ ಕಾಗದ ಇಣುಕಿ ನೋಡಿದೆ. ಕೊನೆಯ ಸಾಲು ಹಾಗೇ ಇತ್ತು: 'ಮಾಸ್ತರ: ಪೂರಾ ಹಾಳು.'

"ಸಾಹೇಬ್ರ, ಒಂದು ಹೊಡೆಯೋದು ಉಳಿದದಲ್ರಿ?"

"ಗೊತ್ತದರಿ," ಅಂದರು ಸಾಹೇಬರು. "ಈ ಒಂದು ತಾಸು ನಿಮ್ಮ ಮಾತೂ ಕೇಳೀನಲ್ರಿ, ಇದು ಸರಿಯಾಗೇ ಬರದೀನಿ ಅನಸ್ತು."