ಬೇಡ ಎನ್ನಲು ಸೈಕಲ್ ಹತ್ತಿದವರು

ನಮ್ಮ ಭಾವ ಸೈಕಲ್ಲಿನಲ್ಲಿ ನಿಮ್ಮ ಮನೆ ಬಾಗಿಲಿಗೆ ಬಂದರೆಂದರೆ ನಿಮ್ಮ ಕವಿತೆಗೆ ಎಳ್ಳುನೀರು ಬಿಟ್ಟಂತೆಯೇ! ತೊಂಬತ್ತರ ದಶಕದ ಮೈಸೂರಿನಲ್ಲಿ ಬರೆಯುವವರಿಗೆಲ್ಲ ಈ ಸತ್ಯ ಗೊತ್ತಿತ್ತು. ಅವರ ಸೈಕಲ್ಲಿನ ಬೆಲ್ ಕೇಳಿ ಹಿತ್ತಲ ಬಾಗಿಲಿನಿಂದ ಓಡಿದ ಕವಿಗಳನ್ನು ನಾನೇ ಬಲ್ಲೆ. ಓಡಿ ಎಲ್ಲಿಗೆ ಹೋಗುತ್ತೀರಿ? ಭಾವ ಜಗಲಿಯ ಮೇಲೆ ಕೂತು ಕಾಯುತ್ತಿದ್ದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಸಂತೆಪೇಟೆಯಲ್ಲಿ ಅವರದು ಬೆಲ್ಲದ ಮಂಡಿ. ತಾತ ಮಠಕ್ಕೆ ಬೆಲ್ಲ ಒಪ್ಪಿಸುತ್ತಿದ್ದರಂತೆ, ಅಪ್ಪ ಊರಿಗೆಲ್ಲ ಮಾರಿದರಂತೆ. ಇವರು ಅದೇ ಗದ್ದುಗೆಯ ಮೇಲೆ ಕೂತು ಮೂರು ತಿಂಗಳಿಗೊಮ್ಮೆ ಬರುವ ಒಂದು ಸಾಹಿತ್ಯ ಪತ್ರಿಕೆ ನಡೆಸಿದರು. ಸಂಬಳವಿಲ್ಲದ ಸಂಪಾದಕರು ನಾವು ಮೂವರು: ಭಾವ, ನಾನು ಮತ್ತು ಸಿಸಿಲಿಯಾ ಟೀಚರ್. ಟೀಚರು ಭಾನುವಾರ ಚರ್ಚಿನಿಂದ ನೇರ ಮಂಡಿಗೆ ಬಂದು, ಬೆಲ್ಲದ ಅಚ್ಚುಗಳ ನಡುವೆ ಕೂತು ಕರಡು ತಿದ್ದುತ್ತಿದ್ದರು. ನಾನು ಕಾಲೇಜೊಂದರ ಲೈಬ್ರರಿಯಲ್ಲಿ ಗುಮಾಸ್ತ. ಪ್ರೆಸ್ಸಿಗೆ ಓಡಾಡುವ ಕರ್ಮ ನನ್ನದು. ನಮ್ಮ ಪತ್ರಿಕೆಯ ಲಕೋಟೆ ಒಡೆದರೆ ಮೊದಲು ಇರುವೆ ಬರುತ್ತಿತ್ತು, ಆಮೇಲೆ ಸಾಹಿತ್ಯ.

ಒಪ್ಪಿಗೆಯಾದ ಬರಹದವರಿಗೆ ಭಾವ ಒಂದು ಕಾರ್ಡು ಗೀಚಿ ಹಾಕುತ್ತಿದ್ದರು. ಒಪ್ಪಿಗೆಯಾಗದ ಬರಹದ ಮೂಲೆಯಲ್ಲಿ ನೀಲಿ ಪೆನ್ಸಿಲ್ಲಿನಲ್ಲಿ ‘ಬೇಡ’ ಎಂದು ಬರೆದು, ಸೈಕಲ್ ಹತ್ತಿ, ಬರೆದವರ ಮನೆಗೇ ಹೋಗಿ ಕೈಗೆ ಕೊಡುತ್ತಿದ್ದರು. ಲೋಕದಲ್ಲಿ ಯಾವ ಸಂಪಾದಕ ಹೀಗೆ ಮಾಡುತ್ತಾನೆ?

“ಒಪ್ಕೊಂಡೋರಿಗೆ ಕಾರ್ಡು ಸಾಕು ಕಣೋ. ಬೇಡ ಅಂದೋರಿಗೆ ಮುಖ ನೋಡಿ ಹೇಳ್ಬೇಕು” ಅನ್ನುವುದು ಅವರ ವಾದ.

“ಬೇಡ ಅನ್ನೋಕೆ ಅಷ್ಟು ದೂರ ಯಾಕೆ ಹೋಗ್ತೀರಿ? ನಾನು ಅಡುಗೆಮನೇಲಿ ನಿಂತೇ ಅನ್ನಲ್ವಾ” ಎಂದು ಅಕ್ಕ ಗೊಣಗುತ್ತಿದ್ದಳು.

ಕುಂಬಾರಕೊಪ್ಪಲಿನಲ್ಲಿ ಒಬ್ಬರು ವೀರರಸದ ಕವಿಗಳಿದ್ದರು. ಭಾವ ಒಂದೂವರೆ ಗಂಟೆ ಕೂತು, ಎರಡು ಲೋಟ ಕಾಫಿ ಕುಡಿದು, ಅವರ ಪದ್ಯ ಯಾಕೆ ಬೇಡ ಎಂದು ವಿವರಿಸಿದರು. ಕವಿಗಳು ಕೆಂಪಗಾಗಿ ಒಳಗೆ ಹೋದರು. ಹೆಂಡತಿ ಗೇಟಿನ ತನಕ ಬಂದು ಕೈಮುಗಿದರು. “ಓದ್ಸಲ ನೀವು ಬಂದೋದ್ಮೇಲೆ ಎರಡು ತಿಂಗ್ಳು ಬರೀಲೇ ಇಲ್ಲ ಸಾರ್, ಮನೆ ಎಷ್ಟು ನೆಮ್ಮದಿಯಾಗಿತ್ತು. ಆಗಾಗ ಬರ್ತಾ ಇರಿ” ಅಂದರು. ಇನ್ನೊಬ್ಬರು ನಿವೃತ್ತ ಹೆಡ್ಮಾಸ್ಟರು, ನಲವತ್ತು ಪುಟದ ಖಂಡಕಾವ್ಯದವರು. ಅದನ್ನು ಹಿಂದಿರುಗಿಸಲು ಹೋದ ಭಾವ ಸಂಜೆ ಅದರ ಜೊತೆಗೆ ಇನ್ನೆರಡನ್ನು ಹೊತ್ತು ತಂದರು!

ಇದರಿಂದ ಪತ್ರಿಕೆಗೆ ಏನಾಯಿತು? ಏನಾಗಬೇಕೋ ಅದೇ ಆಯಿತು. ಯುಗಾದಿ ಸಂಚಿಕೆ ಗಣೇಶನ ಹಬ್ಬಕ್ಕೆ ಬರುತ್ತಿತ್ತು. ನಮ್ಮ ಚಂದಾದಾರರಲ್ಲಿ ಮುಕ್ಕಾಲು ಪಾಲು ಬರೆಯುವವರೇ. ಬೇಡ ಅನ್ನಿಸಿಕೊಂಡವರು ಚಂದಾ ನಿಲ್ಲಿಸಿದರು. ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಪತ್ರಿಕೆ ಓದಲು ಉಳಿದವರು ಹೆಚ್ಚುಕಡಿಮೆ ನಾವು ಮೂವರೇ.

ಇನ್ನು ನನ್ನ ಹೊಟ್ಟೆಯುರಿ ಹೇಳಿಬಿಡುತ್ತೇನೆ. ನಾನೂ ಒಂದು ಕಥೆ ಬರೆದಿದ್ದೆ. ನಾಲ್ಕೇ ಪುಟ. ಹನ್ನೊಂದು ವರ್ಷ ಊರವರ ಕಥೆ ಹೊತ್ತೆನಲ್ಲ, ನನ್ನದೊಂದು ನಮ್ಮದೇ ಪತ್ರಿಕೆಯಲ್ಲಿ ಬರಬೇಕು ಎಂಬುದೊಂದೇ ನನ್ನ ಆಸೆ. ಅದನ್ನು ಭಾವ ನಾಲ್ಕು ಸಲ ಹಿಂದಿರುಗಿಸಿದರು. ಕೃಷ್ಣಮೂರ್ತಿಪುರಂನಲ್ಲಿ ನಮ್ಮಿಬ್ಬರ ಮನೆಯೂ ಒಂದೇ ಬೀದಿಯಲ್ಲಿ, ಆದರೂ ಮಹಾಶಯರು ಸೈಕಲ್ಲಿನಲ್ಲೇ ಬಂದು, ಬೆಲ್ ಹೊಡೆದು, “ಮನೇಲಿದ್ದೀರಾ?” ಎಂದು ಬಹುವಚನದಲ್ಲಿ ಕೂಗುತ್ತಿದ್ದರು. ಆ ಬಹುವಚನ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೆ ಪತ್ರಿಕೆ ನಿಲ್ಲಿಸುವುದೆಂದು ತೀರ್ಮಾನವಾಯಿತು. ಇನ್ನೊಂದೇ ಸಂಚಿಕೆ. ಐದನೆಯ ಸಲ ನನ್ನ ಕಥೆ ಕೊಟ್ಟೆ. ಆ ತಿಂಗಳೇ ಕಥೆಗಾರರೊಬ್ಬರ ನಾಯಿ ಅಟ್ಟಿಸಿಕೊಂಡು ಬಂದು, ಭಾವ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡರು. ಹೋಗಲಿ, ಈ ಸಲವಾದರೂ ಬೇಡ ಎನ್ನಲು ಬರುವುದಿಲ್ಲ ಎಂದುಕೊಂಡೆ. ನನ್ನನ್ನೇ ಮಂಚದ ಬಳಿ ಕರೆಸಿಕೊಂಡರು. “ನಿಮ್ಮ ಕಥೆ ಈ ಸಲಾನೂ ಆಗಲ್ಲ ಕಣ್ರೀ” ಅಂದರು. ಇನ್ನೆಲ್ಲಿಯ ಸಲ? ಪತ್ರಿಕೆಯೇ ಸಾಯುತ್ತಿತ್ತು.

ಆದರೆ ಅದೇ ಸಂಚಿಕೆಗೆ ಅವರು ತಾವೇ ಒಂದು ಬರಹ ಬರೆದಿದ್ದರು, ವಿದಾಯದ ನಾಲ್ಕು ಪುಟ. ಬೇಡ ಅನ್ನುವವನು ಬರೆಯಬಾರದು ಎಂದು ಹನ್ನೊಂದು ವರ್ಷ ಒಂದು ಸಾಲೂ ಬರೆಯದಿದ್ದ ಮನುಷ್ಯ! ಅದನ್ನು ಟೀಚರಿಗೆ ಮೂರು ಸಲ ಓದಿ ಹೇಳಿದ್ದರಂತೆ. ನಾನು ಕೋಪದಲ್ಲಿ ಕೇಳಲೂ ಹೋಗಲಿಲ್ಲ.

ಮರುದಿನ ಮಂಡಿಯಿಂದ ಬರಹಗಳ ಕಟ್ಟು ತೆಗೆದುಕೊಂಡು ಕಡಕೊಳದ ಬಸ್ಸು ಹತ್ತಿದೆ. ನಮ್ಮ ಪ್ರೆಸ್ಸು ಇದ್ದದ್ದು ಅಲ್ಲೊಂದು ಶೆಡ್ಡಿನಲ್ಲಿ. ಕಟ್ಟು ಬಿಚ್ಚಿದರೆ ಮೇಲೆಯೇ ನನ್ನ ಕಥೆ, ಮೂಲೆಯಲ್ಲಿ ನೀಲಿ ‘ಬೇಡ’. ಕೆಳಗಿನ ಬರಹಗಳ ಮೇಲೂ ‘ಬೇಡ’, ‘ಬೇಡ’. ಮಂಡಿಯಲ್ಲಿ ಎರಡು ಕಟ್ಟಿಗೂ ಒಂದೇ ಗೋಣಿದಾರ. ನಾನು ಹಿಂದಿರುಗಿಸಬೇಕಾದ ಕಟ್ಟನ್ನು ಎತ್ತಿಕೊಂಡು ಬಂದಿದ್ದೆ. ಮುಂದಿನ ಬಸ್ಸಿಗೆ ವಾಪಸ್ ಹೋಗಿ ಬದಲಾಯಿಸಬಹುದಿತ್ತು. ಹೊರಗೆ ಹೋಗಿ ಒಂದು ಟೀ ಕುಡಿದೆ. ಒಳಗೆ ಬಂದು ಪ್ರೆಸ್ಸಿನವರಿಗೆ, “ಎಲ್ಲ ಸರಿಯಾಗಿದೆ, ಕಂಪೋಸ್ ಮಾಡಿ” ಅಂದೆ.

ಆಮೇಲಿನ ಮೂರು ವಾರ ನನಗೆ ಅನ್ನ ಸೇರಲಿಲ್ಲ. ಕಾರ್ಡು ಬಂದು ಖುಷಿಯಲ್ಲಿದ್ದ ಐದು ಜನ ಬರಹಗಾರರ ಮುಖ ಕಣ್ಣ ಮುಂದೆ ಬರುತ್ತಿತ್ತು. ಬಾಯಿ ಮಾತ್ರ ಬಿಡಲಿಲ್ಲ. ನನ್ನಂಥ ಪಾಪಿ ಇನ್ನೊಬ್ಬನಿಲ್ಲ ಅನ್ನಿಸಿತು. ನನ್ನ ಕಥೆ ಅಚ್ಚಾಗುತ್ತದೆ ಅಂತಲೂ ಅನ್ನಿಸುತ್ತಿತ್ತು.

ಸಂಚಿಕೆ ಬಂತು. ಬಿಡಿಸಿ ನೋಡಿದೆ. ಒಪ್ಪಿಗೆಯಾದ ಐದೂ ಬರಹ ಇದ್ದವು. ಬೇಡದವು ಒಂದೂ ಇರಲಿಲ್ಲ, ಕೊನೆಯಲ್ಲಿದ್ದ ನನ್ನ ಕಥೆಯೊಂದನ್ನು ಬಿಟ್ಟು. ಭಾವನ ವಿದಾಯ ಎಲ್ಲೂ ಕಾಣಲಿಲ್ಲ. ಟೀಚರ ಮನೆಗೆ ಓಡಿದೆ.

“ಪ್ರೆಸ್ಸಿನವ್ರು ಅವತ್ತೇ ನಿನ್ನ ಭಾವಂಗೆ ಫೋನ್ ಮಾಡಿದ್ರು” ಅಂದರು ಟೀಚರ್, ನನ್ನ ಮುಖ ನೋಡದೆ. “ಎಲ್ಲದ್ರ ಮೇಲೂ ಬೇಡ ಅಂತಿದೆ, ನಿಮ್ಮ ಭಾಮೈದ ನೋಡ್ಕಂಡೇ ಕೊಟ್ಟೋದ್ರು, ಏನ್ಮಾಡ್ಲಿ ಅಂತ. ನಾನೇ ಬಸ್ಸಲ್ಲಿ ಹೋಗಿ ಕಟ್ಟು ಬದಲಾಯಿಸ್ದೆ. ನಿನ್ನದೊಂದು ಅಲ್ಲೇ ಇರ್ಲಿ ಅಂದ್ರು ನಿನ್ನ ಭಾವ. ಪುಟ ಸಾಲಲ್ಲ ಅಂದೆ. ನಂದು ತೆಗೀರಿ ಅಂದ್ಬುಟ್ರು.”

ಭಾವ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದರು.

“ಭಾವ, ನಾನು ಗೊತ್ತಿದ್ದೇ ಕೊಟ್ಟೆ” ಅಂದೆ.

“ಗೊತ್ತು ಕಣೋ.”

“ಮತ್ತೆ ಯಾಕೆ ಬಿಟ್ರಿ? ಕಥೆ ಚೆನ್ನಾಗಿದ್ಯಾ?”

“ಇಲ್ಲ” ಅಂದರು, ಒಂದು ಕ್ಷಣವೂ ಯೋಚಿಸದೆ. “ನಿನಗೆ ಬೇಡ ಅಂದೂ ಅಂದೂ ನನಗೇ ಸಾಕಾಗಿತ್ತು.”

ಅವರ ನಾಲ್ಕು ಪುಟ ಕೇಳಿದೆ. ಕೊಡಲು ಮನಸ್ಸಿರಲಿಲ್ಲ, ಅಕ್ಕ ಬೀರುವಿನಿಂದ ತಂದುಕೊಟ್ಟಳು. ಮೊದಲ ಪುಟ ಪತ್ರಿಕೆಯದು. ಉಳಿದ ಮೂರೂ ನನ್ನ ಮೇಲೆ. ‘ಈ ಪತ್ರಿಕೆ ನಾನು ನಡೆಸಿದೆ ಎಂದು ಜನ ಹೇಳುತ್ತಾರೆ. ನಡೆಸಿದವನು ನನ್ನ ಭಾಮೈದ. ಅವನ ಕಥೆಯನ್ನು ಮತ್ತೆ ಮತ್ತೆ ಹಿಂದಿರುಗಿಸಿದೆ. ಪ್ರತಿ ಸಲವೂ ಮರುದಿನ ಬಂದು ಬೇರೆಯವರ ಕಥೆಗಳನ್ನು ಜೋಪಾನವಾಗಿ ಅಚ್ಚಿಗೆ ಒಯ್ದ. ನಾನಾಗಿದ್ದರೆ ಆಗುತ್ತಿರಲಿಲ್ಲ’ ಎಂದು ಬರೆದಿದ್ದರು.

ಮುಂದೆ ಓದಲಾಗಲಿಲ್ಲ. ಮಂಚದ ಅಂಚಿನಲ್ಲಿ ಕೂತು ಅತ್ತುಬಿಟ್ಟೆ. ಇದನ್ನು ಊರೆಲ್ಲ ಓದಬೇಕಿತ್ತು, ಹಾಳು ಮಾಡಿದೆ ಭಾವ ಅಂದೆ.

“ನೀನು ಓದಿದ್ಯಲ್ಲ, ಸಾಕು ಬುಡು” ಅಂದರು ಭಾವ, ನನ್ನ ಬೆನ್ನು ಸವರುತ್ತ. “ಇನ್ಯಾರು ಓದ್ಲಿ ಅಂತ ಬರೆದದ್ದು ಅದನ್ನ?”