ಅಜ್ಜನಿಗೆ ಅಡ್ಡ ಬಂದ ಹೃದಯ

ನಿದ್ದೆಗೆಟ್ಟು, ಚೆಂದವಾಗಿ ಕಟ್ಟಿದ ಜಾಲತಾಣಕ್ಕೆ ಅಪ್ಪನಿಂದ ಅವಳಿಗೆ ಸಿಕ್ಕ ಮೊದಲ ಬಹುಮಾನವೇ ಒಂದು ದೂರು.

"ಏನಮ್ಮಾ, ಯಾವ ಬಾಗಿಲು ತಟ್ಟಿದ್ರೂ ನಿನ್ನ ಹೃದಯ ಅಡ್ಡ ಬರ್ತಿದೆ! 'ಕೆಂಪು ಹೃದಯ, ಮುಖಪುಟ. ಕೆಂಪು ಹೃದಯ, ಚಿತ್ರಗಳು...' ಇದೇನು ಹೃದ್ರೋಗಿಗಳ ವಾರ್ಡಾ? ಮಗು ಸಿಗೋಷ್ಟರಲ್ಲಿ ನಂಗೆ ನಿದ್ದೆ ಬಂತು."

ಅಪ್ಪನಿಗೆ ಕಣ್ಣು ಕಾಣದು. ಪರದೆಯ ಮೇಲಿರುವುದನ್ನೆಲ್ಲ, ಪ್ರತಿ ಪುಟದ ಹೆಸರಿನ ಮುಂದೆ ಅವಳು ಅಂಟಿಸಿದ ಪುಟ್ಟ ಹೃದಯದ ಗುರುತನ್ನೂ, ಅವರ ಫೋನು ಗಡಸು ಗಂಡುದನಿಯಲ್ಲಿ ಓದಿ ಹೇಳುತ್ತದೆ. ಮುರಿದ ಕಾಲಿನ ಕಟ್ಟು ಬಿಚ್ಚುವವರೆಗೆ ಅವರು ಅಷ್ಟು ದೂರದಿಂದ ಬರುವಂತೆಯೂ ಇಲ್ಲ. ಮೊಮ್ಮಗಳೋ, ಫೋನು ಕಿವಿಗಿಟ್ಟರೆ ತುಟಿಗೆ ಬೀಗ. ಗೋಡೆಯ ಮೇಲಿನ ಅಜ್ಜನ ಫೋಟೊ ನೋಡಿ (ಎಂದು ತಾಯಿಯ ನಂಬಿಕೆ) ಅವಳು "ಅಜ್ಜ" ಎಂದದ್ದನ್ನು ಧ್ವನಿಮುದ್ರಿಸಿಕೊಂಡು, ಅಪ್ಪ ಬೇಕೆಂದಾಗ ತಾವೇ ತೆರೆದು ಕೇಳಲಿ ಎಂದೇ ಈ ಜಾಲತಾಣ.

"ಅಲಂಕಾರ ಇರೋದು ಕಣ್ಣಿಗೆ ತಾನೆ? ಅದನ್ನ ಬಿಟ್ಟು ಮುಂದೆ ಹೋಗು ಅಂತ ಓದೋ ದನಿಗೆ ಹೇಳ್ಬಹುದು. ಹೃದಯ ಕಾಣ್ಸುತ್ತೆ, ಕೇಳ್ಸಲ್ಲ," ಎಂದ ಗಂಡ, ಮಗುವಿನ ಬಟ್ಟೆ ಮಡಚುತ್ತ.

ಕಾಣಿಸಿಯೂ ಕೇಳಿಸದ ಹೃದಯ! ಅವಳಿಗೆ ತನ್ನದೇ ಕಥೆ ಅನ್ನಿಸಿತು. ಆದರೂ ಇದ್ದಬದ್ದ ಗುರುತುಗಳನ್ನೆಲ್ಲ, ಒಂದನ್ನೂ ಬಿಡದೆ, ದನಿಗೆ ಸಿಗದಂತೆ ಮರೆಮಾಡಿದಳು.

ಅಪ್ಪ ಮತ್ತೆ ಫೋನು ಮಾಡಿದರು. ಈ ಸಲ ತಮಾಷೆಯಿರಲಿಲ್ಲ. "ಮುಖಪುಟ ಇದೆ, ಚಿತ್ರ ಇದೆ, ವಿಳಾಸ ಇದೆ. ಮಗು ಎಲ್ಲಮ್ಮಾ?"

ಅವಳು ಲ್ಯಾಪ್‌ಟಾಪ್ ತೆರೆದು ನೋಡಿದಳು. ಮಗುವಿನ ದನಿಯ ಪುಟಕ್ಕೆ ಅಕ್ಷರವೇ ಇರಲಿಲ್ಲ. ಮುದ್ದಾಗಿ ಕಾಣಲೆಂದು ಬರೀ ಪುಟಾಣಿ ಪಾದದ ಗುರುತು.

"ಅಲಂಕಾರದ ಬಾಯಿ ಮುಚ್ಸು ಅಂದ್ರೆ ಮಗಳ ಬಾಯನ್ನೇ ಮುಚ್ಸಿದ್ಯಲ್ಲೇ ಮಹರಾಯ್ತಿ! ಅಲ್ಲಿ ಪಾದವೇ ಬಾಗಿಲು. ಅದಕ್ಕೊಂದು ಹೆಸರು ಬೇಡ್ವಾ?" ಎಂದ ಗಂಡ.

"ಒಂದ್ನಿಮಿಷ ಅಪ್ಪ, ಫೋನ್ ಇಡ್ಬೇಡಿ!"

ಪಾದಕ್ಕೆ ಹೆಸರು ಬರೆದಳು. ಲ್ಯಾಪ್‌ಟಾಪಿನಲ್ಲಿ ಅದೇ ಓದುವ ದನಿ ಹಚ್ಚಿ ಪರೀಕ್ಷಿಸಿದಳು. "ಪುಟ್ಟಿಯ ಮಾತು," ಎಂದಿತು ಗಡಸು ದನಿ.

ಮೂಲೆಯಲ್ಲಿದ್ದ ಪುಟ್ಟಿ ದಡದಡನೆ ಅಂಬೆಗಾಲಿಕ್ಕಿ ಬಂದು, ಲ್ಯಾಪ್‌ಟಾಪಿಗೆ ಕೆನ್ನೆಯೊತ್ತಿ, "ಅಜ್ಜ!" ಎಂದಳು.

"ಕೇಳಿಸ್ತು! ನನ್ನೇ ಕರೆದ್ಲು!" ಫೋನಿನೊಳಗಿಂದ ಅಪ್ಪ ಕೂಗಿದರು.

"ಅಜ್ಜನಿಗೆ ಹೀಗೆ ಕೇಳ್ಸುತ್ತೆ ನೋಡು ಪುಟ್ಟಿ," ಎಂದು, ಈ ಜಾಲತಾಣಕ್ಕೂ ಮೊದಲೇ, ಕಥೆಗಳನ್ನು ಓದಿಸಿ ದಿನವಿಡೀ ಆ ದನಿಯನ್ನು ಮಗುವಿನ ಕಿವಿಗೆ ತುಂಬಿದವಳು ತಾನೇ! ಪುಟ್ಟಿಗೆ ಆ ಗಡಸು ದನಿಯೇ ಅಜ್ಜ. ಗೋಡೆಯ ಫೋಟೊಗೆ, ಪಾಪ, ಇದರಲ್ಲಿ ಯಾವ ಪಾತ್ರವೂ ಇರಲಿಲ್ಲ. ಗಂಡ ಮಡಚಿದ ಬಟ್ಟೆಯಲ್ಲೇ ಮುಖ ಹುದುಗಿಸಿ ನಗುತ್ತಿದ್ದ.

"ಬೇಗ ಬಂದ್ಬಿಡಿ ಅಪ್ಪ," ಎಂದಳು ಅವಳು, ಮೂಗೊರೆಸಿಕೊಳ್ಳುತ್ತ. "ಆದ್ರೆ ಬರೋ ಮೊದ್ಲು... ನಿಮ್ಮ ಫೋನಿನ ಹಾಗೆ ಮಾತಾಡೋದು ಒಂಚೂರು ಕಲ್ತುಕೊಂಡು ಬನ್ನಿ."