ನೋಯದ ಮೊಣಕಾಲಿಗೆ ಎಣ್ಣೆ

ಗೌರಿ, ಸಂಗಮೇಶ, ಮೊಮ್ಮಕ್ಕಳೇ, ನಿಮ್ಮ ಆಯಿ ನಾಚಿಕೆಯ ಹೆಂಗಸು ಎಂದು ನಿಮಗೆ ಗೊತ್ತು. ಆದರೆ ನಾಚಿಕೆಗೆ ಎಷ್ಟು ಎಣ್ಣೆ ಖರ್ಚಾಗುತ್ತದೆ ಎಂಬುದು ಗೊತ್ತಿರಲಿಕ್ಕಿಲ್ಲ. ಮೊನ್ನೆ ವಿಜಯಪುರದ ದವಾಖಾನೆಯಲ್ಲಿ, ಗೌರಿ, ಬಸುರಿಯಾದ ನೀನು ನೋವಿನ ಜಾಗವನ್ನು ಬೆರಳಿಟ್ಟು ತೋರಿಸಿದೆ. ನಾನು ತಲೆಯೆತ್ತಿ ಫ್ಯಾನ್ ನೋಡುತ್ತ ಕುಳಿತೆ. ಅದೇ ನೋವು ನನಗೂ ಬಂದಿತ್ತು.

ಬಬಲೇಶ್ವರದ ಸಾಲಿಯಲ್ಲಿ ನಾಲ್ಕಕ್ಷರ ಕಲಿತು ತಿಕೋಟಾಕ್ಕೆ ಸೊಸೆಯಾಗಿ ಬಂದವಳು ನಾನು. ನಿಮ್ಮ ಅಪ್ಪ ಹೊಟ್ಟೆಯಲ್ಲಿದ್ದಾಗ ಹಾಸಿಗೆಯಲ್ಲಿ ಮಗ್ಗಲು ಬದಲಿಸಿದರೆ ಒಳಗೆಲ್ಲೋ ಕಟಕ್ ಎನ್ನುತ್ತಿತ್ತು. ಹೊಸ್ತಿಲು ದಾಟಲು ಕಾಲೆತ್ತಿದರೆ ಕಣ್ಣಿಗೆ ಕತ್ತಲೆ. ಎಲ್ಲಿ ನೋವು ಎಂದು ಅತ್ತೆ ಕೇಳಿದರು. ಪಡಸಾಲೆಯಲ್ಲಿ ಮಾವ ಕೂತಿದ್ದರು. ಗಂಡನ ಹೆಸರನ್ನೇ ಒಡಪಿನ ಪದ್ಯದಲ್ಲಿ ಸುತ್ತಿ ಹೇಳುವವಳು ಆ ಜಾಗದ ಹೆಸರು ಹೇಗೆ ಹೇಳಲಿ? “ಮೊಣಕಾಲ್ರಿ” ಎಂದುಬಿಟ್ಟೆ.

ಅಂದಿನಿಂದ ಮೊಣಕಾಲಿಗೆ ರಾಜೋಪಚಾರ. ಅತ್ತೆ ಎಕ್ಕೆಯ ಎಲೆ ಕಾಯಿಸಿ ಕಟ್ಟಿದರು. ನೆರೆಮನೆಯ ಗಂಗವ್ವ ಉಪ್ಪಿನ ಗಂಟಿನಿಂದ ಶಾಖ ಕೊಡುತ್ತ ತನ್ನ ಮೊಣಕಾಲಿನ ಕಥೆಯನ್ನೂ ಹೇಳಿದಳು. ನಮ್ಮ ಯಜಮಾನರು, ನಿಮ್ಮ ಮುತ್ಯಾ, ಪ್ಯಾಟಿಗೆ ಹೋದಾಗಲೆಲ್ಲ ಒಂದು ಎಣ್ಣೆಶೀಸೆ ತರುತ್ತಿದ್ದರು. ಮೊಣಕಾಲು ಬೆಳಗಿದ ತಂಬಿಗೆಯಂತೆ ಹೊಳೆಯಿತು. ನೋವು ಇದ್ದಲ್ಲೇ ಇತ್ತು. ಯಾವ ಕಾಲು ಎಂದಿದ್ದೆನೋ ಮರೆತು ಒಮ್ಮೆ ಇನ್ನೊಂದನ್ನು ಚಾಚಿದೆ. “ಇಕಿ ನೋವಿಗೆ ಒಂದ ಕಡಿ ನಿಲ್ಲಾಕ ಬರೂದಿಲ್ಲ ನೋಡ ಗಂಗವ್ವಾ” ಎಂದರು ಅತ್ತೆ.

ಹೆರಿಗೆಯಾದ ಮೇಲೂ ನೋವು ಹೋಗಲಿಲ್ಲ. ತವರಿನಲ್ಲಿ ಕೂಸು ಅತ್ತರೆ ಎದ್ದು ಎತ್ತಿಕೊಳ್ಳಲಾರದೆ ನಾನೂ ಅಳುತ್ತಿದ್ದೆ. ನನ್ನ ಕೂಸನ್ನು ನಾನೇ ಎತ್ತಲಾರದವಳಾದೆನೇ ಎಂಬ ಭಯ. ಕಡೆಗೆ ಮುತ್ಯಾ ವಿಜಯಪುರದ ಡಾಕ್ಟರಬಾಯಿಯ ಹತ್ತಿರ ಕರೆದೊಯ್ದರು. ಅಲ್ಲಿಯೂ ಮೊಣಕಾಲೇ ಎಂದೆ. ಅವರು ಅದನ್ನು ಒತ್ತಿದರು, ನಾನು ಸುಮ್ಮನಿದ್ದೆ. ಮಲಗಿಸಿ ಕಾಲೆತ್ತು ಎಂದಾಗ ಚೀರಿದೆ. ಮುತ್ಯಾನನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿ ಅವರು ಹೇಳಿದರು: “ತಂಗಿ, ಹೊಟ್ಟಿ ಕೆಳಗ ಎಲುಬು ಕೂಡೋ ಕೀಲದಾಗ ನಿನ್ನ ನೋವೈತಿ. ಇದು ಯಾವ ಊರ ಮೊಣಕಾಲವಾ?”

ಬಸುರಿನಲ್ಲಿ ಆ ಕೀಲು ಸಡಿಲಾಗುತ್ತದಂತೆ, ನಾಚುವಂಥದ್ದೇನಿಲ್ಲವಂತೆ. ಸೊಂಟಕ್ಕೆ ಅಗಲ ಪಟ್ಟಿ ಕಟ್ಟಿದರು. ಹೊರಳುವಾಗ ಎರಡೂ ಕಾಲು ಜೋಡಿಸಿಕೋ, ಲಂಗ ಕುಳಿತೇ ಹಾಕಿಕೋ ಎಂದು ಹೇಳಿ ಸಣ್ಣ ವ್ಯಾಯಾಮ ಕಲಿಸಿದರು. ನಿಮ್ಮ ಅಪ್ಪ ಅಂಬೆಗಾಲಿಡುವ ಹೊತ್ತಿಗೆ ನಾನೂ ನೆಟ್ಟಗೆ ನಡೆದು ಅವನನ್ನು ಎತ್ತಿಕೊಂಡೆ.

ಡಾಕ್ಟರಬಾಯಿ ಏನು ಹೇಳಿದರೋ, ಮುತ್ಯಾ ಮನೆಗೆ ಬಂದವರೇ ಒಂದು ತಲೆದಿಂಬು ತಂದರು. ಕಿವಿ ಕೆಂಪಾಗಿದ್ದವು. ಗೋಡೆ ನೋಡುತ್ತ, “ಮಲಗುವಾಗ ಕಾಲ ನಡುವ ಇಟ್ಕೋಬೇಕಂತ. ನಿನ್ನ ಮೊಣಕಾಲಿಗೆ ಛಲೋ ಅಂತ” ಎಂದರು. ಅವರೂ ನನ್ನಂಥವರೇ ಎಂದು ಆಗ ತಿಳಿಯಿತು. ಅವರು ತೀರಿಹೋಗುವವರೆಗೂ ನಮ್ಮಿಬ್ಬರ ನಡುವೆ ಅದು ಮೊಣಕಾಲಾಗಿಯೇ ಉಳಿಯಿತು.

ಈಗ ನಿಜವಾದ ಮೊಣಕಾಲೇ ನೋಯುತ್ತದೆ. ಇದನ್ನು ಓದಿದ ಮೇಲೆ ನೀವು ನಂಬುತ್ತೀರೋ ಇಲ್ಲವೋ. ಈ ಹಾಳೆಗಳನ್ನು ಜೋಪಾನವಾಗಿಡಿರಿ. ಗೌರಿ, ನಿನ್ನ ಕೂಸು ಹೆಣ್ಣಾದರೆ ಅದಕ್ಕೂ ಓದಿಸು. ನೋವು ಹೇಳಲು ನಾಚಬಾರದೆಂದು ಆಯಿ ಬರೆದಿದ್ದಾಳೆ ಅನ್ನು. ಆ ಜಾಗವನ್ನು ಆಯಿ ಇಲ್ಲಿಯೂ ಡಾಕ್ಟರಬಾಯಿಯ ಬಾಯಿಂದಲೇ ಹೇಳಿಸಿದ್ದಾಳೆ ಎಂಬುದನ್ನು ಮಾತ್ರ ಹೇಳಬೇಡ.